ಪ್ರಾಥಮಿಕ ಶಾಲೆಗಳಲ್ಲಿ ವ್ಯಾಕರಣ: ಆಟದ ಮೂಲಕ ಪಾಠ

ಮಹಾರಾಷ್ಟ್ರದ ಕನ್ನಡ ಮಾಧ್ಯಮ ಶಾಲೆಗಳ ಪಠ್ಯಪುಸ್ತಕಗಳು ಸಿದ್ಧವಾಗುವುದು ಪುಣೆಯಲ್ಲಿ. 1967ರಲ್ಲಿ ಅಲ್ಲಿ ಸ್ಥಾಪನೆಗೊಂಡು 'ಬಾಲಭಾರತಿ' ಎಂದೇ ಪರಿಚಿತವಾಗಿರುವ ರಾಜ್ಯ ಪಠ್ಯಪುಸ್ತಕ ಸಂಸ್ಥೆಯು ಮರಾಠಿ, ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಪುಸ್ತಕಗಳನ್ನು ಪ್ರಕಟಿಸುತ್ತದೆ. ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ, ಸಾಂಗಲಿ ಜಿಲ್ಲೆಯ ಜತ್ತ ಮೊದಲಾದ ಕಡೆಗಳ ಕನ್ನಡ ಶಾಲೆಗಳ ಮಕ್ಕಳು ಇವುಗಳನ್ನು ಓದುತ್ತಾರೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಕೇಳಿ ಬೆಳೆಯುವ ಈ ಮಕ್ಕಳಿಗೆ ವ್ಯಾಕರಣವು ಬರಿಯ ಬಾಯಿಪಾಠವಾದರೆ, ತಮ್ಮ ಮಾತೆಲ್ಲವೂ ತಪ್ಪೆಂಬ ಅಳುಕು ಮೂಡಿ, ಅವರು ಕನ್ನಡದಿಂದಲೇ ದೂರ ಸರಿಯುವ ಅಪಾಯವುಂಟು.

ವಾಸ್ತವವಾಗಿ ವ್ಯಾಕರಣದ ನಿಯಮಗಳು ಮಗುವಿಗೆ ಹೊಸವಲ್ಲ. ಶಾಲೆಗೆ ಬರುವ ಮೊದಲೇ ಅದು ಅವುಗಳಲ್ಲಿ ಹೆಚ್ಚಿನವನ್ನು ತನ್ನ ಮಾತಿನಲ್ಲಿ ಬಳಸುತ್ತಿರುತ್ತದೆ. ತಿಳಿಯದಿರುವುದು ಅವುಗಳ ಹೆಸರು. ಆದುದರಿಂದ ಮೊದಲು ಬಳಕೆ, ಅನಂತರ ನಿಯಮ, ಕೊನೆಯಲ್ಲಿ ಹೆಸರು ಎಂಬ ಕ್ರಮವೇ ಉಚಿತ. 13ನೆಯ ಶತಮಾನದ ಕೇಶಿರಾಜನೂ 'ಶಬ್ದಮಣಿದರ್ಪಣ'ದಲ್ಲಿ ತನ್ನ ಸೂತ್ರಗಳಿಗೆ ಪೂರ್ವಕವಿಗಳ ಪ್ರಯೋಗಗಳನ್ನೇ ಆಧಾರವಾಗಿ ಕೊಟ್ಟಿದ್ದಾನೆ.

ವಿಭಕ್ತಿಯ ಆಟ: 'ಬೆಕ್ಕು', 'ಇಲಿ', 'ಹಿಡಿಯಿತು' ಎಂದು ಬರೆದ ಚೀಟಿಗಳನ್ನು ಮೂವರು ಮಕ್ಕಳಿಗೂ 'ಅನ್ನು' ಎಂಬ ಚೀಟಿಯನ್ನು ನಾಲ್ಕನೆಯ ಮಗುವಿಗೂ ಕೊಡಬೇಕು. 'ಅನ್ನು' ಇಲಿಯ ಪಕ್ಕದಲ್ಲಿ ನಿಂತರೆ 'ಬೆಕ್ಕು ಇಲಿಯನ್ನು ಹಿಡಿಯಿತು' ಎಂದಾಗುತ್ತದೆ. 'ಇಲಿಯನ್ನು' ಎಂಬುದು ಮುಂದೆ ಬಂದು 'ಇಲಿಯನ್ನು ಬೆಕ್ಕು ಹಿಡಿಯಿತು' ಎಂದಾದರೂ ಅರ್ಥ ಬದಲಾಗದು. ಆದರೆ 'ಅನ್ನು' ಬೆಕ್ಕಿನ ಪಕ್ಕಕ್ಕೆ ಹೋದೊಡನೆ 'ಬೆಕ್ಕನ್ನು ಇಲಿ ಹಿಡಿಯಿತು' ಎಂದಾಗಿ ತರಗತಿಯೇ ನಗುತ್ತದೆ. ಹಿಡಿದವರಾರು, ಸಿಕ್ಕಿಬಿದ್ದವರಾರು ಎಂಬುದನ್ನು ತಿಳಿಸುವುದು ಪದದ ಸ್ಥಾನವಲ್ಲ, ಪ್ರತ್ಯಯ ಎಂಬುದು ಮಕ್ಕಳಿಗೇ ಹೊಳೆಯುತ್ತದೆ. 'ದ್ವಿತೀಯಾ ವಿಭಕ್ತಿ' ಎಂಬ ಹೆಸರನ್ನು ಆಗ ಹೇಳಿದರೆ ಸಾಕು.

ಇದೇ ಆಟವು ಸಂಧಿಯನ್ನೂ ಕಲಿಸುತ್ತದೆ. 'ಬೆಕ್ಕನ್ನು' ಎಂಬಲ್ಲಿ ಉಕಾರ ಲೋಪವಾಗುತ್ತದೆ. 'ಇಲಿಯನ್ನು' ಎಂಬಲ್ಲಿ ಯಕಾರ ಬರುತ್ತದೆ. 'ಹಸುವನ್ನು' ಎಂಬಲ್ಲಿ ವಕಾರ ಬರುತ್ತದೆ. ಮಕ್ಕಳು ಗಟ್ಟಿಯಾಗಿ ಹೇಳಿ ನೋಡಿದರೆ, ಲೋಪಸಂಧಿ, ಆಗಮಸಂಧಿಗಳ ಭೇದವನ್ನು ಕಿವಿಯೇ ಗುರುತಿಸುತ್ತದೆ.

ಲಿಂಗದ ಆಟ: ತರಗತಿಯ ವಸ್ತುಗಳನ್ನು ತೋರಿಸಿ ಎರಡೂ ಭಾಷೆಗಳಲ್ಲಿ ಹೇಳಿಸಬೇಕು. ಮರಾಠಿಯಲ್ಲಿ ಕರಿಹಲಗೆಯಾದ 'ಫಳಾ' ಪುಲ್ಲಿಂಗ, 'ಖುರ್ಚಿ' ಸ್ತ್ರೀಲಿಂಗ, 'ಪುಸ್ತಕ' ನಪುಂಸಕಲಿಂಗ. ಆದುದರಿಂದ 'ತೋ', 'ತೀ', 'ತೇ' ಎಂದು ಮೂರು ಸರ್ವನಾಮಗಳು ಬೇಕು. ಕನ್ನಡದಲ್ಲಿ ಮೂರಕ್ಕೂ 'ಅದು' ಒಂದೇ. ಕನ್ನಡದಲ್ಲಿ ಲಿಂಗವನ್ನು ಸಾಮಾನ್ಯವಾಗಿ ಅರ್ಥವು ನಿರ್ಧರಿಸಿದರೆ, ಮರಾಠಿಯಲ್ಲಿ ಪ್ರತಿಯೊಂದು ಪದದ ಲಿಂಗವನ್ನೂ ಅರಿತಿರಬೇಕಾಗುತ್ತದೆ. ಒಂದೇ ಭಾಷೆ ಬಲ್ಲ ಮಗುವಿಗೆ ಸುಲಭವಾಗಿ ಕಾಣದ ಈ ವ್ಯತ್ಯಾಸವು ಗಡಿನಾಡ ಮಗುವಿಗೆ ಥಟ್ಟನೆ ಕಾಣುತ್ತದೆ.

ಮಗುವಿನ ಮಾತಿನಲ್ಲಿ ಮರಾಠಿಯ ರೀತಿ ಬೆರೆತಾಗ ಶಿಕ್ಷಕರು ಗದರಿಸದೆ, ಎರಡೂ ವಾಕ್ಯಗಳನ್ನು ಹಲಗೆಯ ಮೇಲೆ ಬರೆದು ಹೋಲಿಸಬೇಕು. ಇದಕ್ಕೆ ಬೇಕಾದುದು ರದ್ದಿ ಕಾಗದದ ಕೆಲವು ಚೀಟಿಗಳು ಮತ್ತು ದಿನಕ್ಕೆ ಹತ್ತು ನಿಮಿಷಗಳು ಮಾತ್ರ. ಪಾಲಕರೂ ಮನೆಯಲ್ಲಿ ಈ ಆಟಗಳನ್ನು ಆಡಿಸಬಹುದು.