ಕಂತಿನಲ್ಲಿ ಕಂಡ ಕಾಸರಗೋಡು

ಸಾಲವನ್ನು ಕಂತಿನಲ್ಲಿ ತೀರಿಸುವುದು ರೈತರಿಗೆ ಹೊಸದಲ್ಲ. ದಾರಿಯನ್ನೂ ಕಂತಿನಲ್ಲಿ ತೀರಿಸಬಹುದು ಅನ್ನೋದು ನನಗೂ ನಮ್ಮಾಕೆಗೂ ಹೊಳೆದದ್ದು ಐವತ್ತು ದಾಟಿದ ಮೇಲೆ. ಪಾವಗಡದ ಕಡ್ಲೆಕಾಯಿ ಹೊಲ ಬಿಟ್ಟು ತಿಂಗಳುಗಟ್ಟಲೆ ತಿರುಗಾಡಲು ನಮಗೆಲ್ಲಿ ಪುರುಸೊತ್ತು? ಆಷಾಢದಲ್ಲಿ ಬಿತ್ತನೆ, ದೀಪಾವಳಿ ಹೊತ್ತಿಗೆ ಕಾಯಿ ಕೀಳೋದು, ಆಮೇಲೆ ಹುಣಸೆ ಬಡಿಯೋ ಕೆಲಸ. ನಡುವೆ ಸಿಗೋದು ಒಂದೋ ಎರಡೋ ವಾರ. ಅಷ್ಟರಲ್ಲೇ ವರ್ಷಕ್ಕೊಂದು ಕಂತಿನಂತೆ, ಮೂರು ವರ್ಷದಲ್ಲಿ, ತಲಪಾಡಿಯಿಂದ ನೀಲೇಶ್ವರದವರೆಗೆ ಕಾಸರಗೋಡು ಜಿಲ್ಲೆಯನ್ನು ಕಾಲಲ್ಲಿ ಅಳೆದಿದ್ದೇವೆ. ರಸ್ತೆ ಲೆಕ್ಕದಲ್ಲಿ ಸುಮಾರು 70 ಕಿಲೋಮೀಟರ್. ನಮ್ಮ ಸುತ್ತುಬಳಸು ಸೇರಿಸಿದರೆ ನೂರರ ಹತ್ತಿರ.

ಇದೇನು ನಮ್ಮ ಹೊಸ ಶೋಧವಲ್ಲ. ಅಮೆರಿಕದಲ್ಲಿ ಅಪಲೇಚಿಯನ್ ಅನ್ನುವ ಕಾಲುದಾರಿ 3,500 ಕಿ.ಮೀ. ಉದ್ದ ಇದೆಯಂತೆ. ಅದನ್ನು ಒಂದೇ ಸಲಕ್ಕೆ ನಡೆದು ಮುಗಿಸುವವರ ಜೊತೆಗೆ, ರಜೆ ಸಿಕ್ಕಾಗಲೆಲ್ಲ ತುಂಡು ತುಂಡಾಗಿ ನಡೆದು ಎಷ್ಟೋ ವರ್ಷಕ್ಕೆ ಮುಗಿಸುವವರೂ ಇದ್ದಾರೆ. ನಮ್ಮಲ್ಲೂ 1987ರ ನವೆಂಬರಿನಲ್ಲಿ ಪಶ್ಚಿಮ ಘಟ್ಟ ಉಳಿಸಿ ಪಾದಯಾತ್ರೆ ಹೊರಟಿತ್ತು. ಒಂದು ತಂಡ ಕನ್ಯಾಕುಮಾರಿಯಿಂದ, ಇನ್ನೊಂದು ಮಹಾರಾಷ್ಟ್ರದ ನವಾಪುರದಿಂದ. ಎರಡೂ 1988ರ ಫೆಬ್ರುವರಿಯಲ್ಲಿ ಗೋವಾದಲ್ಲಿ ಕೂಡಿದವು. ನಮ್ಮದು ಯಾವ ಗುರಿಯ ಯಾತ್ರೆಯೂ ಅಲ್ಲ, ಹರಕೆಯೂ ಅಲ್ಲ. ಗಡಿಯವರು ಇನ್ನೊಂದು ಗಡಿ ನೋಡಿ ಬರೋಣ ಅಂತ ಹೊರಟದ್ದು, ಅಷ್ಟೇ.

ಗಡಿಯ ಸಂಸಾರ

ಪಾವಗಡಕ್ಕೆ ಮೂರು ದಿಕ್ಕಿಗೂ ಆಂಧ್ರ. ನಮ್ಮಾಕೆ ಮಡಕಶಿರಾ ಕಡೆಯ ಹೆಣ್ಣು. 1953ರಲ್ಲಿ ಆಂಧ್ರ ರಾಜ್ಯ ಆದಾಗ ಅನಂತಪುರ ಜಿಲ್ಲೆಯ ಜೊತೆ ಆ ಸೀಮೆಯೂ ಅತ್ತ ಹೋಯಿತು. ಅವಳ ಮನೆಮಾತು ಕನ್ನಡ, ಓದಿದ್ದು ತೆಲುಗು ಶಾಲೆ. ನಾನು ಎರಡರಲ್ಲೂ ನಾಲ್ಕು ಸಾಲು ಪದ್ಯ ಗೀಚುವವನು. ಅವಳು ಎರಡರಲ್ಲೂ ಬೈಯಬಲ್ಲಳು, ಆದರೆ ಓದುವುದು ತೆಲುಗಿನಲ್ಲಿ ಮಾತ್ರ. ಕನ್ನಡದ ಲಿಪಿ ತೆಲುಗಿಗೆ ಅಕ್ಕತಂಗಿಯ ಹಾಗಿರೋದರಿಂದ ಬೋರ್ಡುಗಳನ್ನು ಹೇಗೋ ಕೂಡಿಸಿ ಓದುತ್ತಾಳೆ.

ನಡಿಗೆಯ ಕಾಯಿದೆ ಅವಳದ್ದೇ. ಅವಳ ಬಲಮೊಣಕಾಲು ಎಲ್ಲಿ ನಿಲ್ಲು ಅನ್ನುತ್ತೋ ಅಲ್ಲಿಗೆ ಆ ದಿನ ಮುಗೀತು. ಮೊದಲ ದಿನವೇ, "ಅಲ್ರೀ, ಬಸ್ಸು ಹೊರಟೋಯ್ತು ಅನ್ನೋರ ಹಾಗೆ ಓಡ್ತೀರಲ್ಲ, ನೀವು ಹಿಂದೆ ಬನ್ನಿ" ಅಂದಳು. ಅಂದಿನಿಂದ ಮುಂದೆ ಅವಳು, ಹಿಂದೆ ನಾನು. ದಿನಕ್ಕೆ 10-12 ಕಿ.ಮೀ.ಗೆ ಹೆಚ್ಚಿಲ್ಲ. ಗಂಡ ಹೆಂಡತಿ ಜೊತೆಯಲ್ಲಿ ದೂರ ನಡೆಯಬೇಕಾದರೆ ನಿಧಾನದವರು ಮುಂದಿರಬೇಕು. ಮೂರು ವರ್ಷದಲ್ಲಿ ನಾವು ಕಲಿತ ದೊಡ್ಡ ಪಾಠ ಇದು.

ಇಲ್ಲಿ ಕಂತಿನ ನಡಿಗೆಗೆ ಅನುಕೂಲ ಮಾಡಿಕೊಟ್ಟದ್ದು ರೈಲು. ಹಳಿ ಕಡಲಿಗೆ ಸಮೀಪದಲ್ಲೇ ಹೋಗುತ್ತದೆ. ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು, ಕಳನಾಡು, ಕೋಟಿಕುಳಂ, ಬೇಕಲ ಕೋಟೆ, ಕಾಞಂಗಾಡು, ನೀಲೇಶ್ವರ ಅಂತ ನಿಲ್ದಾಣಗಳು ಸಾಲಾಗಿ ಬರುತ್ತವೆ. ಕಾಸರಗೋಡಿನಲ್ಲಿ ಒಂದು ಸಣ್ಣ ರೂಮು, ಗಂಟುಮೂಟೆ ಅಲ್ಲಿ. ಬೆಳಗ್ಗೆ ಒಂದು ನಿಲ್ದಾಣದಲ್ಲಿ ಇಳಿದು ನಡೆಯೋದು, ಸಂಜೆ ಇನ್ನೊಂದರಲ್ಲಿ ಹತ್ತಿ ವಾಪಸು. ಮರುದಿನ ಬಿಟ್ಟಲ್ಲಿಂದಲೇ ಶುರು. ಹೆಗಲಿಗೆ ನೀರಿನ ಬಾಟಲಿ, ಒಂದು ಟವೆಲ್ಲು, ಹುರಿದ ಕಡ್ಲೆಕಾಯಿ. ಮತ್ತೇನು ಬೇಕು?

ಹೊಳೆಯೇ ದಾರಿ ತೋರಿಸುತ್ತದೆ

ಕಡಲ ಮರಳಿನಲ್ಲೇ ನೇರ ನಡೆದುಬಿಡಬಹುದು ಅಂತ ನಕಾಶೆ ನೋಡಿದವರಿಗೆ ಅನಿಸುತ್ತದೆ. ಆಗೋದಿಲ್ಲ. ಕೇರಳದ 44 ನದಿಗಳಲ್ಲಿ 12 ಈ ಒಂದೇ ಜಿಲ್ಲೆಯಲ್ಲಿವೆ. ಮಂಜೇಶ್ವರ ಹೊಳೆ, ಉಪ್ಪಳ ಹೊಳೆ, ಶಿರಿಯ, ಕುಂಬಳೆ, ಮೊಗ್ರಾಲ್ ಅಂತ ಒಂದರ ಹಿಂದೆ ಒಂದು ಅಡ್ಡ ಬರುತ್ತವೆ. ಪ್ರತಿ ಹೊಳೆಗೂ ಮರಳು ಬಿಟ್ಟು ಮೇಲೆ ಬಂದು, ಸೇತುವೆ ಹುಡುಕಿ, ದಾಟಿ, ಮತ್ತೆ ಕೆಳಗಿಳಿಯಬೇಕು. ಹೆದ್ದಾರಿ ಈಗ ಆರು ಪಥ. ಅಲ್ಲಿ ನಡೆಯುವವರಿಗೆ ಸುಖವಿಲ್ಲ. ಒಳದಾರಿಗಳೇ ಚೆನ್ನ. ಮುರಕಲ್ಲಿನ ಪಾಗಾರ, ತೆಂಗು, ಅಡಿಕೆ, ಅಂಗಳದಲ್ಲಿ ಒಣಗಲು ಹಾಕಿದ ಕೊಪ್ಪರ.

ಉಪ್ಪಳದಿಂದ ಒಂದು ದಿನ ಬಸ್ಸು ಹತ್ತಿ ಬಾಯಾರು ಕಡೆ ಹೋಗಿ ಸುರಂಗ ನೋಡಿದೆವು. ಗುಡ್ಡದ ಮುರಕಲ್ಲನ್ನು ಆಳು ನುಗ್ಗುವಷ್ಟು ಅಡ್ಡಕ್ಕೆ ಕೊರೆದು, ಒಳಗೆ ಜಿನುಗುವ ನೀರನ್ನು ಹೊರಗಿನ ತೊಟ್ಟಿಗೆ ಹರಿಸುತ್ತಾರೆ. ಪಂಪಿಲ್ಲ, ಕರೆಂಟಿಲ್ಲ. ನೂರಾರು ಅಡಿ ಬೋರು ಕೊರೆಸಿ ಧೂಳು ಕಂಡ ನಮಗೆ ಅಲ್ಲಿಂದ ಕಾಲು ಕೀಳಲು ಮನಸ್ಸಾಗಲಿಲ್ಲ.

ಮೊದಲ ಕಂತು ತಲಪಾಡಿಯಿಂದ ಕುಂಬಳೆ. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ 'ಗಿಳಿವಿಂಡು' ಮುಂದೆ ಸ್ವಲ್ಪ ಹೊತ್ತು ಕೂತಿದ್ದೆವು. 1949ರಲ್ಲಿ ಮದರಾಸು ಸರ್ಕಾರ ರಾಷ್ಟ್ರಕವಿ ಅಂತ ಗೌರವಿಸಿದ್ದು ಈ ಮನೆಯವರನ್ನ. ಕುಂಬಳೆ ಯಕ್ಷಗಾನದ ಪಾರ್ತಿಸುಬ್ಬನ ಊರು. ಯಕ್ಷಗಾನ ಅನ್ನೋ ಹೆಸರಿನ ಪ್ರಕಾರ ತೆಲುಗಿನಲ್ಲೂ ಇದೆ ಅಂತ ಹೇಳಿದರೆ ಅಲ್ಲಿಯ ಹಿರಿಯರೊಬ್ಬರು, "ಹೌದಾ ಮಾರಾಯ್ರೇ, ಹಾಗಾದ್ರೆ ನೀವು ನೆಂಟರೇ ಆಯ್ತಲ್ಲ" ಅಂತ ಚಾ ಕೊಡಿಸಿದರು.

ನೆಂಟಸ್ತಿಕೆ ಮಾತಿನಲ್ಲೂ ಇದೆ. ತುಳುವಿನ ಅಜ್ಜಿಯೊಬ್ಬರು "ಇಲ್ಲ್ ಓಲು?" ಅಂತ ಕೇಳಿದರು. ನನ್ನ ಕನ್ನಡದ ಕಿವಿಗೆ 'ಇಲ್ಲ' ಅಂತ ಕೇಳಿಸಿತು. ನಮ್ಮಾಕೆಯ ತೆಲುಗು ಕಿವಿಗೆ 'ಇಲ್ಲು', ಅಂದರೆ ಮನೆ. "ಮನೆ ಎಲ್ಲಿ ಅಂತಿದ್ದಾರೆ ಕಣ್ರೀ" ಅಂದಳು. ಕನ್ನಡದವನಿಗೆ ತಿಳಿಯದ ತುಳು ತೆಲುಗು ಓದಿದವಳಿಗೆ ತಿಳೀತು!

ಚಂದ್ರಗಿರಿಯ ಆಚೆ

ಎರಡನೇ ಕಂತು ಕುಂಬಳೆಯಿಂದ ಚಂದ್ರಗಿರಿ ಹೊಳೆಯವರೆಗೆ. ಕಾಸರಗೋಡು ಪ್ರಶ್ನೆ ಅಂದರೆ ಈ ಹೊಳೆಯೇ. ದಕ್ಷಿಣ ಕನ್ನಡದ ಭಾಗವಾಗಿದ್ದ ಕಾಸರಗೋಡು ತಾಲೂಕು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಚಂದ್ರಗಿರಿಯ ಉತ್ತರ ಭಾಗ ಮೈಸೂರಿಗೆ ಸೇರಬೇಕು ಅಂತ ಮಹಾಜನ ಆಯೋಗ 1967ರಲ್ಲಿ ಹೇಳಿತು. ಕಾಗದದ ಮಾತು ಕಾಗದದಲ್ಲೇ ಉಳಿಯಿತು. ಅದಕ್ಕಾಗಿ ದನಿ ಎತ್ತಿದ ಕಯ್ಯಾರ ಕಿಞ್ಞಣ್ಣ ರೈಗಳು ನೂರು ತುಂಬಿಸಿ 2015ರಲ್ಲಿ ತೀರಿಕೊಂಡರು. 2017ರಲ್ಲಿ ಕೇರಳ ಶಾಲೆಗಳಲ್ಲಿ ಮಲಯಾಳಂ ಕಲಿಕೆ ಕಡ್ಡಾಯ ಮಾಡುವ ಕಾನೂನು ಬಂದಾಗ ಇಲ್ಲಿಯ ಕನ್ನಡಿಗರು ಮತ್ತೆ ಬೀದಿಗಿಳಿದರು.

ಮೂರನೇ ಕಂತಿನಲ್ಲಿ ಹೊಳೆ ದಾಟಿದೆವು. ಗೆರೆ ಎಳೆದ ಹಾಗೆ ಮಾತು ಬದಲಾಗುತ್ತೆ ಅಂದ್ಕೊಂಡಿದ್ದವರಿಗೆ ಅಲ್ಲಿ ಗೆರೆಯೇ ಕಾಣಲಿಲ್ಲ. ಹೊಳೆಯ ಈಚೆಗೂ ಮಲಯಾಳಂ ಇದೆ, ಆಚೆಗೂ ಕನ್ನಡದ ಗುರುತಿದೆ. ಚಂದ್ರಗಿರಿ ಕೋಟೆ, ಬೇಕಲದ ಕೋಟೆ ಕೆಳದಿಯ ನಾಯಕರದ್ದು. ಕಾಞಂಗಾಡಿನಲ್ಲಿ ಹೊಸದುರ್ಗ ಅನ್ನೋ ಹೆಸರು ಹಾಗೇ ಉಳಿದಿದೆ. ಪಕ್ಕದಲ್ಲೇ ಮಲಯಾಳದಲ್ಲಿ ಪುದಿಯಕೋಟ ಅಂತಾರೆ. ಎರಡಕ್ಕೂ ಅರ್ಥ ಹೊಸ ಕೋಟೆಯೇ.

ಆದರೆ ಬೋರ್ಡಿನ ಕನ್ನಡ ನಿಧಾನವಾಗಿ ತೆಳ್ಳಗಾಗುತ್ತಾ ಹೋಯಿತು. ಬೇಕಲ ದಾಟಿದ ಮೇಲೆ ಒಂದು ಒಳದಾರಿಯ ಗೋಡೆಯಲ್ಲಿ ಏನೋ ಸೂಚನೆ, ಬರೀ ಮಲಯಾಳದಲ್ಲಿ. ಮುಂದೆ ಹೋಗಬಹುದೋ ಬಾರದೋ ತಿಳಿಯದೆ ನಿಂತೆ. ನಮ್ಮಾಕೆ ನಕ್ಕಳು. "ಕನ್ನಡ ಪೇಪರು ಕೈಗೆ ಕೊಟ್ಟಾಗ ನಂಗೆ ಹೀಗೇ ಆಗೋದು. ಮಾತೆಲ್ಲ ಗೊತ್ತು, ಅಕ್ಷರ ಗೊತ್ತಿಲ್ಲ." ಮೂವತ್ತು ವರ್ಷ ಜೊತೆಗಿದ್ದೂ ನಾನು ಕೇಳದ ಮಾತು ಅದು. ಮನೆಮಾತು ಶಾಲೆಯಲ್ಲಿ ಸಿಗದಿದ್ದರೆ ಮಗು ತನ್ನ ಭಾಷೆಯಲ್ಲೇ ಅನಕ್ಷರಸ್ಥ ಆಗುತ್ತದೆ. ಕಾಸರಗೋಡಿನವರು ಕನ್ನಡ ಶಾಲೆಗೆ, ಕನ್ನಡ ಬಲ್ಲ ಮೇಷ್ಟ್ರಿಗೆ ಯಾಕೆ ಅಷ್ಟು ಹಟ ಹಿಡೀತಾರೆ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಡ.

ಅಷ್ಟರಲ್ಲಿ ಬಂದ ಮೀನು ಮಾರುವ ಹೆಂಗಸೊಬ್ಬರು ಸೂಚನೆ ಓದಿ, ಕೈಸನ್ನೆಯಲ್ಲೇ ಬೇರೆ ದಾರಿ ತೋರಿಸಿದರು. "ನಡನ್ನು ವನ್ನದಾಣೋ?" ಅಂತ ಕೇಳಿದರು. ಆ ಮಾತು ಇಬ್ಬರಿಗೂ ತಿಳಿಯಿತು. ಕನ್ನಡದ ನಡೆ, ತೆಲುಗಿನ ನಡಕ, ತುಳುವಿನ ನಡಪುನಿ, ಮಲಯಾಳದ ನಡತ್ತಂ, ಎಲ್ಲಕ್ಕೂ ಬೇರು ಒಂದೇ. ಲಿಪಿ ಬೇರೆಯಾಯಿತು, ಸರ್ಕಾರ ಬೇರೆಯಾಯಿತು, ಕಾಲಿನ ಮಾತು ಮಾತ್ರ ಬೇರೆಯಾಗಲಿಲ್ಲ.

ಓದುಗರಲ್ಲಿ ಒಂದು ವಿನಂತಿ. ವರ್ಷಕ್ಕೊಮ್ಮೆ ನವೆಂಬರ್ ಒಂದಕ್ಕೆ ಕಾಸರಗೋಡಿಗಾಗಿ ಭಾಷಣ ಮಾಡುತ್ತೇವೆ. ಅದರ ಜೊತೆಗೆ ಎರಡು ದಿನ ಬಿಡುವು ಮಾಡಿಕೊಂಡು, ಮಳೆಗಾಲ ಕಳೆದ ಮೇಲೆ, ತಲಪಾಡಿಯಲ್ಲಿ ಇಳಿದು ಕುಂಬಳೆಯವರೆಗೆ ನಡೆಯಿರಿ. ಅಂಗಡಿಯಲ್ಲಿ ಕನ್ನಡದಲ್ಲೇ ಚಾ ಕೇಳಿ. ದಾರಿಯಲ್ಲಿ ಕನ್ನಡ ಶಾಲೆ ಸಿಕ್ಕರೆ ಮಾಸ್ತರರನ್ನು ಕಂಡು ನಾಲ್ಕು ಪುಸ್ತಕ ಕೊಟ್ಟು ಬನ್ನಿ. ತಮ್ಮನ್ನು ಕೇಳುವವರಿದ್ದಾರೆ ಅಂತ ಅಲ್ಲಿಯವರಿಗೆ ಗೊತ್ತಾಗಲಿ.

ನಮಗಿನ್ನೂ ನೀಲೇಶ್ವರದಿಂದ ತೃಕರಿಪುರದವರೆಗಿನ ಒಂದು ಕಂತು ಬಾಕಿ ಇದೆ. ಕಡ್ಲೆಕಾಯಿ ಕೈಗೆ ಬಂದರೆ, ಮೊಣಕಾಲು ಹೂಂ ಅಂದರೆ, ಈ ವರ್ಷ ಅದೂ ತೀರುತ್ತದೆ.