ಹುಡ್ ಬಿಚ್ಚೋ ಡೀಸೆಲ್ ಗಾಡಿ ಸೆಕೆಂಡ್ ಹ್ಯಾಂಡ್ ತಗೊಳ್ತೀರಾ? ಅಡ್ವಾನ್ಸ್ ಕೊಡೋ ಮುಂಚೆ ಮ್ಯಾಟ್ ಎತ್ತಿ ನೋಡಿ

ಇವತ್ತಿನ ಸಂಚಿಕೆ ಮುಖ್ಯವಾಗಿ ಶಿಕಾರಿಪುರ, ಶಿರಾಳಕೊಪ್ಪ, ಆನವಟ್ಟಿ, ಸೊರಬ ಕಡೆಯ ಕೇಳುಗರಿಗೆ. ಶುಂಠಿಗೋ ಅಡಿಕೆಗೋ ಒಂದು ವರ್ಷ ಒಳ್ಳೆ ರೇಟ್ ಸಿಕ್ಕರೆ ಸಾಕು, ನಮ್ಮ ವಯಸ್ಸಿನವರ ಫೋನಲ್ಲಿ ಹುಡುಕಾಟ ಶುರು: ಸೆಕೆಂಡ್ ಹ್ಯಾಂಡ್ ಥಾರ್, ಡೀಸೆಲ್, ಸಾಫ್ಟ್ ಟಾಪ್.

ಕನ್ವರ್ಟಿಬಲ್ ಅಂದ್ರೆ ಸಿನಿಮಾದಲ್ಲಿ ಹೀರೋ ಓಡಿಸೋ ಕಾರು ನೆನಪಾಗತ್ತೆ. ಯೂರೋಪಿನಲ್ಲಿ ಡೀಸೆಲ್ ಇಂಜಿನ್ನಿನ ಅಂಥ ಕಾರುಗಳೂ ಇವೆ. ನಮ್ಮ ಕಡೆ ಆ ಕೆಲಸ ಮಾಡೋದು ಜೀಪು. ಹಿಂದೆ ಬಟ್ಟೆ ಹುಡ್ಡಿನ ಮಹೀಂದ್ರಾ ಜೀಪುಗಳಿದ್ದವು, 2010ರಲ್ಲಿ ಥಾರ್ ಬಂತು, 2020ರ ಅಕ್ಟೋಬರ್ 2ಕ್ಕೆ ಹೊಸ ಥಾರ್ ಬಂತು. ಹೊಸದರಲ್ಲೂ 2.2 ಲೀಟರ್ ಡೀಸೆಲ್ ಇಂಜಿನ್ ಜೊತೆ ಬಿಚ್ಚೋ ಹುಡ್ ಕೊಟ್ಟರು.

ನಾನು ಬಿಕಾಂ ಓದಿದವನು, ಮೆಕ್ಯಾನಿಕ್ ಅಲ್ಲ. ಹಾಗಾಗಿ ಲೆಕ್ಕದ ಕಡೆಯಿಂದ ಒಂದೇ ಮಾತು. ಮಾರೋರು ನಿಮಗೆ ತೋರಿಸೋದು ಪೇಂಟು, ಟೈರು, ಮ್ಯೂಸಿಕ್ ಸಿಸ್ಟಮ್ಮು. ನಿಮ್ಮ ದುಡ್ಡು ತಿನ್ನೋದು ಮೂರೇ: ಒಳಗೆ ಸೇರಿದ ನೀರು, ಸವೆದ ಇಂಜಿನ್, ಸರಿಯಿಲ್ಲದ ಕಾಗದ. ಈ ಮೂರನ್ನೂ ಅಡ್ವಾನ್ಸ್ ಕೊಡೋ ಮುಂಚೆ ನೋಡ್ಬೇಕು, ಆಮೇಲಲ್ಲ.

ಮೊದಲು ನೀರು

ಸೊರಬದ ಮಳೆ ನಿಮಗೇ ಗೊತ್ತು. ಬಟ್ಟೆ ಹುಡ್ ಇರೋ ಯಾವ ಗಾಡಿಗೂ ಮಳೆಗಾಲವೇ ಪರೀಕ್ಷೆ. ಬೇಸಿಗೆಯಲ್ಲಿ ನೋಡೋಕೆ ಹೋದ್ರೆ ಎಲ್ಲಾ ಗಾಡಿಯೂ ಚೆನ್ನಾಗೇ ಕಾಣತ್ತೆ. ಅದಕ್ಕೆ ಒಂದು ಕೆಲಸ ಮಾಡಿ: ಮಾರೋರನ್ನ ಒಪ್ಪಿಸಿ ಗಾಡಿಯನ್ನ ವಾಟರ್ ಸರ್ವಿಸ್‌ಗೆ ಕರ್ಕೊಂಡು ಹೋಗಿ, ವಾಶ್ ದುಡ್ಡು ನೀವೇ ಕೊಡಿ. ಹುಡ್ ಮೇಲೆ ನೀರು ಬಿಡುವಾಗ ನೀವು ಒಳಗೆ ಕೂತ್ಕೊಳ್ಳಿ. ಹೊಲಿಗೆ, ಜಿಪ್ಪು, ಮುಂದಿನ ಗಾಜಿನ ಮೇಲಂಚು, ಬಾಗಿಲಿನ ರಬ್ಬರು, ಈ ನಾಲ್ಕು ಕಡೆ ಕಣ್ಣಿಡಿ. ಹಿಂದಿನ ಪ್ಲಾಸ್ಟಿಕ್ ಕಿಟಕಿ ಹಳದಿಯಾಗಿದ್ರೆ, ಮಡಚಿದ ಜಾಗದಲ್ಲಿ ಬಿರಿದಿದ್ರೆ, ಹುಡ್ ಬದಲಾಯಿಸೋ ಖರ್ಚನ್ನ ಈಗಲೇ ರೇಟಿನಲ್ಲಿ ಕಳೀರಿ.

ಸೋರೋದು ದೊಡ್ಡ ವಿಷಯ ಅಲ್ಲ, ಸೋರಿದ ನೀರು ಎಲ್ಲಿ ನಿಂತಿತ್ತು ಅನ್ನೋದು ದೊಡ್ಡ ವಿಷಯ. ಕಾಲಿನ ಕೆಳಗಿನ ಮ್ಯಾಟ್ ಪೂರ್ತಿ ಎತ್ತಿ. ಮುಗ್ಗಲು ವಾಸನೆ ಬಂದ್ರೆ, ತಗಡಿನ ಮೇಲೆ ಹೊಸ ಕಪ್ಪು ಪೇಂಟ್ ಕಂಡ್ರೆ ಕೇಳಿ. ಸೀಟಿನ ಕೆಳಗೆ ಹೋಗೋ ವೈರಿನ ಜಾಯಿಂಟುಗಳಲ್ಲಿ ಹಸಿರು ಕಿಲುಬು ಇದ್ರೆ ಮುಂದೆ ಒಂದೊಂದೇ ಲೈಟು, ಸೆನ್ಸಾರು ಕೈ ಕೊಡತ್ತೆ. ಆಮೇಲೆ ಗಾಡಿ ಕೆಳಗೆ ನುಗ್ಗಿ ಚಾಸಿ ನೋಡಿ. ಗದ್ದೆ ಕೆಸರಿಗೆ ಇಳಿದ ಗಾಡಿಯಲ್ಲಿ ಮಣ್ಣು ಚಾಸಿ ಮೂಲೆಗಳಲ್ಲಿ, ಪಾಟಾ ಕೂರೋ ಜಾಗದಲ್ಲಿ ಅಂಟಿಕೊಂಡು ತೇವ ಹಿಡಿದಿಡತ್ತೆ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಗಟ್ಟಿ ಕಬ್ಬಿಣ ಠಣ್ ಅನ್ನತ್ತೆ, ತಿಂದುಹೋಗಿದ್ದು ಮಂದವಾಗಿ ಬಡಿಯತ್ತೆ. ಮೇಲ್ಮೈ ತುಕ್ಕಿಗೆ ಹೆದರಬೇಡಿ. ಚಾಸಿಗೆ ವೆಲ್ಡಿಂಗ್ ಮಾಡಿದ ಗುರುತಿದ್ರೆ ಹೆದರಿ.

ಆಮೇಲೆ ಇಂಜಿನ್

ಬೆಳಿಗ್ಗೆ ಹೋಗಿ, 'ನಾನು ಬರೋವರೆಗೂ ಸ್ಟಾರ್ಟ್ ಮಾಡ್ಬೇಡಿ' ಅಂತ ಹಿಂದಿನ ದಿನವೇ ಹೇಳಿರಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ. ಬಿಸಿ ಇದ್ರೆ ಆ ದಿನದ ಪರೀಕ್ಷೆ ಅಲ್ಲಿಗೆ ಮುಗೀತು, ಇನ್ನೊಂದು ದಿನ ಬನ್ನಿ. ತಣ್ಣಗಿರೋ ಡೀಸೆಲ್ ಇಂಜಿನ್ ಸುಳ್ಳು ಹೇಳಲ್ಲ.

ಕೀ ಆನ್ ಮಾಡಿದಾಗ ಇಂಜಿನ್ ಲೈಟ್ ಹತ್ತಬೇಕು, ಸ್ಟಾರ್ಟ್ ಆದ್ಮೇಲೆ ಆರಬೇಕು. ಹತ್ತಲೇ ಇಲ್ಲ ಅಂದ್ರೆ ಯಾರೋ ಅದನ್ನ ಮುಚ್ಚಿಟ್ಟಿರಬಹುದು. ಈಗ ಹೊಗೆ ನೋಡಿ. ಚಳಿಯಲ್ಲಿ ಸ್ವಲ್ಪ ಹೊತ್ತು ಬಿಳಿ ಹೊಗೆ ಬಂದು ನಿಂತರೆ ಪರವಾಗಿಲ್ಲ. ಬಿಸಿಯಾದ ಮೇಲೂ ಬಿಳಿ ಬರ್ತಾನೇ ಇದ್ರೆ ಇಂಜೆಕ್ಟರ್ ಅಥವಾ ಹೆಡ್ ಗ್ಯಾಸ್ಕೆಟ್ ಅನುಮಾನ. ನೀಲಿ ಹೊಗೆ ಅಂದ್ರೆ ಆಯಿಲ್ ಉರೀತಿದೆ. ಆಕ್ಸಿಲರೇಟರ್ ಒತ್ತಿದಾಗ ದಟ್ಟ ಕಪ್ಪು ಬಂದ್ರೆ ಏರ್ ಫಿಲ್ಟರ್, ಟರ್ಬೊ ಪೈಪು, ಇಂಜೆಕ್ಟರ್ ನೋಡಿಸ್ಬೇಕು.

ಇಂಜಿನ್ ಐಡಲಲ್ಲಿ ಇರುವಾಗಲೇ ಆಯಿಲ್ ಹಾಕೋ ಮುಚ್ಚಳ ನಿಧಾನಕ್ಕೆ ತೆಗೀರಿ. ಸಣ್ಣ ಆವಿ ಸಹಜ. ಅನ್ನದ ಪಾತ್ರೆ ಮುಚ್ಚಳ ಎತ್ತಿದ ಹಾಗೆ ಬುಸುಬುಸು ಅಂತ ಬಂದ್ರೆ ಪಿಸ್ಟನ್ ರಿಂಗ್ ಸವೆದಿದೆ, ಇಂಜಿನ್ ಬಿಚ್ಚೋ ಕೆಲಸ ಹತ್ತಿರದಲ್ಲಿದೆ. 2020ರ ನಂತರದ ಬಿಎಸ್6 ಡೀಸೆಲ್ಲಿನಲ್ಲಿ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯೋ ಫಿಲ್ಟರ್ ಇರತ್ತೆ, ಡಿಪಿಎಫ್ ಅಂತಾರೆ. ಅದರ ಮಸಿ ಸುಡಬೇಕಂದ್ರೆ ಆಗಾಗ ಹೈವೇ ಓಟ ಬೇಕು. ಬರೀ ಮನೆಯಿಂದ ಪೇಟೆಗೆ ಓಡಿದ ಗಾಡಿಯಲ್ಲಿ ಅದು ಕಟ್ಟಿಕೊಳ್ಳತ್ತೆ. ಕಮ್ಮಿ ಕಿಲೋಮೀಟರ್ ಓಡಿದೆ ಅನ್ನೋದು ಯಾವಾಗಲೂ ಪ್ಲಸ್ ಪಾಯಿಂಟ್ ಅಲ್ಲ.

ಫೋರ್ ವೀಲ್ ಇದ್ರೆ ಡಾಂಬರಿನ ಮೇಲಲ್ಲ, ಸಡಿಲ ಮಣ್ಣಿನ ಮೇಲೆ ಹಾಕಿ ನೋಡಿ. ಹೈ, ಲೋ ಎರಡೂ ಬೀಳಬೇಕು, ಕಟಕಟ ಶಬ್ದ ಬರಬಾರದು. ಚಂದ್ರಗುತ್ತಿ ಕಡೆಯಂಥ ಏರಿನಲ್ಲಿ ನಾಲ್ಕನೇ ಗೇರಲ್ಲಿ ಪೂರ್ತಿ ಒತ್ತಿ. ಇಂಜಿನ್ ಕೂಗಿ ಗಾಡಿ ಏರದೇ ಇದ್ರೆ ಕ್ಲಚ್ ಮುಗಿದಿದೆ.

ಕೊನೆಗೆ ಕಾಗದ

ಇಲ್ಲಿ ಫೋನ್ ತೆಗೀರಿ. ಎಂಪರಿವಾಹನ್ ಆ್ಯಪಲ್ಲಿ ನಂಬರ್ ಹಾಕಿ ಇನ್ಶೂರೆನ್ಸ್, ಎಷ್ಟನೇ ಓನರ್, ಬಾಕಿ ಚಲನ್ ನೋಡಿ. ಸಾಲ ಇದ್ರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇರತ್ತೆ. ಅದನ್ನ ತೆಗೆಸೋಕೆ ಬ್ಯಾಂಕ್ ಎನ್‌ಒಸಿ ಮತ್ತು ಫಾರ್ಮ್ 35 ಬೇಕು. ಹೆಸರು ಬದಲಾವಣೆಗೆ ಫಾರ್ಮ್ 29, 30. ಚಾಸಿ ಮೇಲಿನ ನಂಬರನ್ನ ಆರ್‌ಸಿ ಜೊತೆ ಒಂದೊಂದೇ ಅಕ್ಷರ ತಾಳೆ ನೋಡಿ. ಬಟ್ಟೆ ಹುಡ್ ತೆಗೆದು ಫೈಬರ್ ಟಾಪ್ ಹಾಕಿದ್ರೆ, ಬಾಡಿ ಬದಲಾಯಿಸಿದ್ರೆ ಆರ್‌ಟಿಒ ಅನುಮತಿ ಇದೆಯಾ ಕೇಳಿ. ಕಂಪನಿ ಕೊಟ್ಟ ಮೂಲ ವಿನ್ಯಾಸ ಬದಲಾಯಿಸೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ.

ದೆಹಲಿ ನಂಬರಿನ ಡೀಸೆಲ್ ಗಾಡಿ ತುಂಬಾ ಅಗ್ಗಕ್ಕೆ ಕಾಣಬಹುದು. 10 ವರ್ಷ ದಾಟಿದ ಡೀಸೆಲ್ ಗಾಡಿ ಅಲ್ಲಿ ಓಡೋ ಹಾಗಿಲ್ಲ ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ ಆದೇಶ ಕೊಟ್ಟ ಮೇಲೆ ಅಂಥವು ಹೊರಗೆ ಮಾರಾಟಕ್ಕೆ ಬಂದವು. ಆದ್ರೆ ಅಲ್ಲಿಯ ಎನ್‌ಒಸಿ, ಇಲ್ಲಿಯ ರೋಡ್ ಟ್ಯಾಕ್ಸ್, ಹೊಸ ಕೆಎ ನಂಬರು ಎಲ್ಲಾ ಕೂಡಿಸಿ. ಗಾಡಿಗೆ 15 ವರ್ಷ ಹತ್ತಿರವಾಗಿದ್ರೆ ನೋಂದಣಿ ನವೀಕರಣದ ಖರ್ಚನ್ನೂ ಸೇರಿಸಿ. ಆಮೇಲೆ ಹೇಳಿ ಅಗ್ಗವಾ ಅಂತ.

ಮಾರೋ ಕೇಳುಗರಿಗೂ ಒಂದು ಮಾತು. 'ಹೆಸರು ಆಮೇಲೆ ಮಾಡಿಸ್ಕೊಳ್ತೀನಿ' ಅಂದ್ರೆ ಒಪ್ಪಬೇಡಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಓನರ್, ಅಪಘಾತದ ಪರಿಹಾರಕ್ಕೂ ಅವರೇ ಹೊಣೆ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿದೆ. ಗಾಡಿ ಮೂರು ಕೈ ದಾಟಿದ್ರೂ ನೋಟಿಸ್ ಬರೋದು ನಿಮ್ಮ ಮನೆಗೆ. ಕೊಳ್ಳೋರು ಇನ್ಶೂರೆನ್ಸನ್ನೂ 14 ದಿನದೊಳಗೆ ತಮ್ಮ ಹೆಸರಿಗೆ ಮಾಡಿಸ್ಕೊಳ್ಳೋಕೆ ಅರ್ಜಿ ಹಾಕಿ.

ಇಷ್ಟೆಲ್ಲಾ ನೋಡೋಕೆ ಒಂದು ಬೆಳಗ್ಗೆ, ನಂಬಿಕೆಯ ಒಬ್ಬ ಮೆಕ್ಯಾನಿಕ್, ಒಂದು ವಾಟರ್ ವಾಶ್ ದುಡ್ಡು ಸಾಕು. ಅಷ್ಟಕ್ಕೂ ಬಿಡಲ್ಲ ಅನ್ನೋ ಗಾಡಿಯನ್ನ ಬಿಟ್ಟು ಬನ್ನಿ, ಇನ್ನೊಂದು ಸಿಗತ್ತೆ. ನಿಮ್ಮೂರಲ್ಲಿ ಯಾರಾದ್ರೂ ಈ ವಾರ ಅಡ್ವಾನ್ಸ್ ಕೊಡೋಕೆ ಹೊರಟಿದ್ರೆ ಈ ಸಂಚಿಕೆ ಅವರಿಗೆ ಕಳಿಸಿ. ಮುಂದಿನ ವಾರ ಸಿಗೋಣ.