ಸಾತ್‌ಬಾರಾದಲ್ಲಿ ಹೆಸರು ಯಾರದು?



ಪುಣೆಯಿಂದ ಬೆಳಗಾವಿ, ಹುಬ್ಬಳ್ಳಿ ಬಸ್ಸು ಹಿಡಿಯುವವರು ಕಾಪೂರಹೋಳ ದಾಟಿಯೇ ಹೋಗಬೇಕು. ಅಲ್ಲಿ ಹೆದ್ದಾರಿ ಬಿಟ್ಟು ಬಲಕ್ಕೆ ಹೊರಳಿದರೆ ಭೋರ್. 1948ರವರೆಗೆ ಇದೊಂದು ಸಣ್ಣ ಸಂಸ್ಥಾನ, ಈಗ ಪುಣೆ ಜಿಲ್ಲೆಯ ತಾಲ್ಲೂಕು. ನಾವು ಇಲ್ಲಿ ಉಣ್ಣುವ ಇಂದ್ರಾಯಣಿ ಅಕ್ಕಿ ಬೆಳೆಯುವ ಸೀಮೆ. ಭಾಟಘರ್ ಅಣೆಕಟ್ಟು ಇರುವುದು ಇದೇ ತಾಲ್ಲೂಕಿನಲ್ಲಿ, ಆದರೆ ಅದರ ನೀರು ಹರಿಯುವುದು ಕೆಳಗಿನ ಬಾರಾಮತಿ ಕಡೆಯ ಕಬ್ಬಿಗೆ. ಆ ಮಾತು ಇನ್ನೊಮ್ಮೆ. ಗುಡ್ಡದ ಇಳಿಜಾರಿನ ಗದ್ದೆಗಳನ್ನು ಇಲ್ಲಿ ಎಕರೆಗಿಂತ ಗುಂಟೆಯಲ್ಲಿ ಎಣಿಸುವುದೇ ಹೆಚ್ಚು. ಇಂಥ ಕಡೆ ಸರ್ಕಾರ ರೈತರಿಗೆಂದು ಕೊಡುವ ಹಣ ಯಾರ ಕೈ ಸೇರುತ್ತದೆ?

ಕೇಂದ್ರದ ಪಿಎಂ ಕಿಸಾನ್ ಯೋಜನೆ ಶುರುವಾದದ್ದು 2019ರ ಫೆಬ್ರುವರಿಯಲ್ಲಿ. ವರ್ಷಕ್ಕೆ 6000 ರೂಪಾಯಿ, 2000ದಂತೆ ಮೂರು ಕಂತು, ನೇರ ಬ್ಯಾಂಕ್ ಖಾತೆಗೆ. ಮಹಾರಾಷ್ಟ್ರ ಸರ್ಕಾರ 2023ರಲ್ಲಿ 'ನಮೋ ಶೇತಕರಿ' ಹೆಸರಿನಲ್ಲಿ ಇನ್ನೊಂದು 6000 ಸೇರಿಸಿತು. ಕರ್ನಾಟಕ 2019ರಲ್ಲಿ 4000 ಸೇರಿಸಿತ್ತು, 2023ರಲ್ಲಿ ಅದು ನಿಂತುಹೋಯಿತು. ಹತ್ತು ಗುಂಟೆಯವನಿಗೂ ಹತ್ತು ಎಕರೆಯವನಿಗೂ ಮೊತ್ತ ಒಂದೇ. ಭೋರಿನಂಥ ತುಂಡು ಹೊಲಗಳ ಊರಿಗೆ ಇದು ಅನುಕೂಲವೇ ಸರಿ.

ತೊಡಕು ಇರುವುದು ಕಾಗದದಲ್ಲಿ. ನಮ್ಮ ಪಹಣಿ ಅಥವಾ ಉತಾರದಂತೆ ಇಲ್ಲಿ ಸಾತ್‌ಬಾರಾ, ಅಂದರೆ 7/12. ಏಳನೇ ನಮೂನೆಯಲ್ಲಿ ಒಡೆತನ, ಹನ್ನೆರಡನೆಯದರಲ್ಲಿ ಬೆಳೆ. ಕಿಸಾನ್ ಹಣ ಬರುವುದು ಏಳನ್ನು ನೋಡಿ, ಹನ್ನೆರಡನ್ನು ನೋಡಿ ಅಲ್ಲ! ಒಡೆಯ ಪುಣೆಯಲ್ಲಿದ್ದು ಹೊಲವನ್ನು ಪಾಲಿಗೆ ಕೊಟ್ಟಿದ್ದರೆ ಕಂತು ಒಡೆಯನಿಗೇ. ಮಳೆಯಲ್ಲಿ ನೆನೆದು ನಾಟಿ ಮಾಡಿದವನಿಗೆ ಏನೂ ಇಲ್ಲ.

ಪಾಲಿನ ಕರಾರನ್ನು ಬರೆದುಕೊಡಬಹುದಲ್ಲ ಎನ್ನುತ್ತೀರಿ. ಯಾರೂ ಬರೆಯುವುದಿಲ್ಲ. 1948ರ ಮುಂಬಯಿ ಗೇಣಿ ಕಾಯ್ದೆಗೆ ತಿದ್ದುಪಡಿಯಾಗಿ 1957ರ ಏಪ್ರಿಲ್ 1ರಿಂದ ಗೇಣಿದಾರನೇ ಭೂಮಿಯ ಒಡೆಯನಾಗುವ ದಾರಿ ತೆರೆಯಿತು. ಆ ಅಂಜಿಕೆ ಇನ್ನೂ ಹೋಗಿಲ್ಲ. ವಿಜಯಪುರ, ಕಲಬುರಗಿ ಕಡೆ ಬಾಯಿಮಾತಿನಲ್ಲೇ ಹೊಲ ಲಾವಣಿ ಹಾಕುವುದೂ ಇದೇ ಕಾರಣಕ್ಕೆ. ಉಳುವವನನ್ನು ಕಾಪಾಡಲು ಬಂದ ಕಾಯ್ದೆಯೇ ಅವನ ಹೆಸರನ್ನು ಕಾಗದದಿಂದ ದೂರ ಇಟ್ಟಿತು ಎಂದು ನನಗನ್ನಿಸುತ್ತದೆ.

ಗೊಬ್ಬರದ ಸಬ್ಸಿಡಿಯ ದಾರಿ ಬೇರೆ. 45 ಕಿಲೋ ಯೂರಿಯಾ ಚೀಲ 266 ರೂಪಾಯಿ ಚಿಲ್ಲರೆಗೆ ಸಿಗುವುದು ಉಳಿದ ವೆಚ್ಚವನ್ನು ಸರ್ಕಾರ ಕಂಪನಿಗೆ ತುಂಬಿಕೊಡುವುದರಿಂದ. ಅಂಗಡಿಯ ಯಂತ್ರದಲ್ಲಿ ಆಧಾರ್ ತೋರಿಸಿದರಾಯಿತು, ಉತಾರ ಬೇಕಿಲ್ಲ. ಪಾಲುದಾರನ ಪಾಲಿಗೆ ಬರುವ ನೆರವು ಇದು. ಆದರೆ ಕೈಗೆ ಕಾಸು ಬರುವುದಿಲ್ಲವಾದ್ದರಿಂದ ಇದನ್ನು ನೆರವೆಂದು ಎಣಿಸುವವರು ಕಡಿಮೆ.

ಈಗ ನಿಮ್ಮ ಮನೆಯ ವಿಷಯ. ನೀವು ಇಲ್ಲಿ ನೌಕರಿಯಲ್ಲಿ, ಅಣ್ಣ ಊರಲ್ಲಿ ಒಕ್ಕಲುತನದಲ್ಲಿ ಇದ್ದೀರಿ ಎನ್ನಿ. ನೀವು ಆದಾಯ ತೆರಿಗೆ ಕಟ್ಟುವವರಾದರೆ ನಿಮಗೆ ಈ ಹಣ ಸಲ್ಲದು. ಹಾಗೆ ಪಡೆದವರಿಂದ ಸರ್ಕಾರ ವಾಪಸು ವಸೂಲಿ ಮಾಡಿದ್ದೂ ಉಂಟು. ಆದರೆ ನಿಮ್ಮ ತೆರಿಗೆ ಅಣ್ಣನಿಗೆ ಅಡ್ಡ ಬರುವುದಿಲ್ಲ. ಯೋಜನೆಯ ಲೆಕ್ಕದಲ್ಲಿ ಕುಟುಂಬವೆಂದರೆ ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು ಮಾತ್ರ. ಅಡ್ಡ ಬರುವುದು ತೀರಿಕೊಂಡ ಅಪ್ಪನ ಹೆಸರು ಉತಾರದಲ್ಲಿ ಹಾಗೇ ಉಳಿದಿದ್ದರೆ. ಪೌತಿ ಖಾತೆಗೆ ನಿಮ್ಮ ಸಹಿ ಬೇಕೆಂದು ಅವ್ವ, ಅಣ್ಣ ಕಾಯುತ್ತಿರಬಹುದು. ಭೋರಿನವರಿಗಾದರೆ ಪುಣೆಯಿಂದ ಸಹಿ ಹಾಕಿ ಸಂಜೆಗೆ ಮರಳುವಷ್ಟು ದಾರಿ. ನಮಗೆ ಅದಕ್ಕೊಂದು ರಜೆ ಬೇಕು, ಅದಕ್ಕೇ ಕೆಲಸ ವರ್ಷಗಟ್ಟಲೆ ಮುಂದೆ ಬೀಳುತ್ತದೆ.

ಗಡುವಿನ ಚಿಂತೆ ಬೇಡ. 2019ರ ಫೆಬ್ರುವರಿ 1ರ ನಂತರ ಕೊಂಡ ಹೊಲಕ್ಕೆ ಈ ಹಣ ಇಲ್ಲ, ವಾರಸಾ ಬಂದ ಹೊಲಕ್ಕೆ ಆ ಅಡ್ಡಿ ಇಲ್ಲ. ಖಾತೆಯಾದ ಮೇಲೆ ಆಧಾರ್ ಜೋಡಣೆ, ಇ-ಕೆವೈಸಿ ಮಾಡಿಸಬೇಕು. ಕಂತು ನಿಂತಿದ್ದರೆ ಸಹಾಯವಾಣಿ 155261.